ರಕ್ಷಣೆಯ ಸುದ್ದಿ ಮುಗಿದ ಮೇಲೆ ಮಗುವಿಗೆ ಏನಾಗುತ್ತದೆ?

ಮಾನ್ಯ ಸಂಪಾದಕರೇ,

ಮನೆಯಲ್ಲಿ ಹೊಡೆತ ತಿಂದ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ, ಅಥವಾ ಹೇಳುವವರು ಕೇಳುವವರಿಲ್ಲದೆ ಬಿಟ್ಟುಹೋದ ಮಕ್ಕಳ ಬಗ್ಗೆ ವರದಿ ಬಂದಾಗಲೆಲ್ಲ ನಾನು ಅದರ ಕೊನೆಯ ಸಾಲನ್ನು ಮೊದಲು ಓದುತ್ತೇನೆ. ಬಹುಪಾಲು ಅದು ಒಂದೇ ಬಗೆಯಲ್ಲಿರುತ್ತದೆ: ಮಗುವನ್ನು ರಕ್ಷಿಸಿ ಪಾಲನಾ ಕೇಂದ್ರಕ್ಕೆ ಒಪ್ಪಿಸಲಾಗಿದೆ. ಓದುಗರಿಗೆ ಅಲ್ಲಿ ಸ್ವಲ್ಪ ಸಮಾಧಾನವಾಗುತ್ತದೆ, ಪುಟ ತಿರುಗುತ್ತದೆ. ನನ್ನ ಕೆಲಸ ಆರಂಭವಾಗುವುದೇ ಆ ಸಾಲು ಮುಗಿದಲ್ಲಿಂದ. ಇಂಥ ಮಕ್ಕಳ ಆಪ್ತಸಮಾಲೋಚಕಿಯಾಗಿ ಹಲವು ವರ್ಷ ದುಡಿದ ಅನುಭವದಿಂದ, ಮಗುವನ್ನು ಅಪಾಯದಿಂದ ಹೊರತರುವುದೂ ಅದರ ಗಾಯ ಮಾಯುವಂತೆ ನೋಡಿಕೊಳ್ಳುವುದೂ ಎರಡು ಬೇರೆ ಕೆಲಸಗಳೆಂದು, ಮೊದಲನೆಯದಕ್ಕೆ ನಾವು ಕಾನೂನು, ಸಿಬ್ಬಂದಿ, ದಾಖಲೆ ಎಲ್ಲವನ್ನೂ ಇಟ್ಟುಕೊಂಡು ಎರಡನೆಯದನ್ನು ಮಗುವಿನ ಅದೃಷ್ಟಕ್ಕೆ ಬಿಟ್ಟಿದ್ದೇವೆಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಅವನ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಏಳೆಂಟು ವರ್ಷದವನು, ಮೂರು ಹೊತ್ತೂ ಹೊಟ್ಟೆ ತುಂಬ ಊಟ ಸಿಗುವ ಜಾಗಕ್ಕೆ ಬಂದು ಮೂರು ವಾರ ಕಳೆದಿದ್ದರೂ ಪ್ರತಿ ರಾತ್ರಿ ತಟ್ಟೆಯಿಂದ ಒಂದಿಷ್ಟು ಎತ್ತಿ ದಿಂಬಿನ ಚೀಲದೊಳಗೆ ಬಚ್ಚಿಡುತ್ತಿದ್ದ. ಇರುವೆ ಮುತ್ತಿದವು, ವಾಸನೆ ಬಂತು, ಜೊತೆಯ ಮಕ್ಕಳು ಮೂಗು ಮುಚ್ಚಿಕೊಂಡರು. ‘ಇಷ್ಟು ಹಾಕಿದರೂ ಕದಿಯುತ್ತಾನೆ’ ಎಂದು ಅವನ ಫೈಲಿನಲ್ಲಿ ಯಾರೋ ಬರೆದರು. ಆದರೆ ಅವನು ಕದಿಯುತ್ತಿರಲಿಲ್ಲ. ಊಟ ಇಂದು ಸಿಕ್ಕಿತೆಂದರೆ ನಾಳೆಯೂ ಸಿಗುತ್ತದೆ ಎಂಬ ನಂಬಿಕೆಯೇ ಇಲ್ಲದ ಮನೆಯಲ್ಲಿ ಬೆಳೆದವನು, ತಮ್ಮನಿಗೂ ತನಗೂ ಎತ್ತಿಡುವ ಜವಾಬ್ದಾರಿಯನ್ನು ಐದನೇ ವಯಸ್ಸಿಗೇ ಹೊತ್ತವನು, ಅಲ್ಲಿ ಬದುಕಲು ಕಲಿತದ್ದನ್ನೇ ಇಲ್ಲಿಯೂ ಮಾಡುತ್ತಿದ್ದ.

ಅವನಿಗೆ ದಾರಿ ತೋರಿದ್ದು ನಾನಲ್ಲ, ರಾತ್ರಿ ಪಾಳಿಯ ಆಯಾ. ಅವರು ಮುಚ್ಚಳವಿರುವ ಡಬ್ಬಿಯೊಂದನ್ನು ತಂದು ಅವನ ಮಂಚದ ಪಕ್ಕ ಇಟ್ಟು, ‘ಇದು ನಿಂದೇ ಕಣಪ್ಪ, ಯಾರೂ ಮುಟ್ಟಲ್ಲ, ಖಾಲಿಯಾದರೆ ನಾನು ತುಂಬಿಸ್ತೀನಿ’ ಎಂದರು. ಹಾಗೆಯೇ ನಡೆದುಕೊಂಡರು. ಮೊದಲ ವಾರ ಅವನು ರಾತ್ರಿ ನಾಲ್ಕೈದು ಸಲ ಎದ್ದು ಮುಚ್ಚಳ ತೆಗೆದು ನೋಡಿ ಮತ್ತೆ ಮಲಗುತ್ತಿದ್ದನಂತೆ. ಆಯಾ ನಿದ್ದೆ ಬಂದವರಂತೆ ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದರು. ಎರಡನೇ ತಿಂಗಳಿಗೆ ಒಂದು ಸಲ ಎದ್ದರೆ ಹೆಚ್ಚು. ಐದನೇ ತಿಂಗಳಿನಲ್ಲಿ ಡಬ್ಬಿಗೆ ಹಾಕಿದ್ದು ಬೆಳಗಾದರೂ ಹಾಗೆಯೇ ಉಳಿಯತೊಡಗಿತು. ಆ ಐದು ತಿಂಗಳಲ್ಲಿ ನಡೆದದ್ದು ಚಿಕಿತ್ಸೆ ಎಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ. ಆದರೆ ಅದನ್ನು ಬರೆಯಲು ಅವನ ಫೈಲಿನಲ್ಲಿ ಒಂದು ಅಂಕಣವೂ ಇರಲಿಲ್ಲ, ಆ ಆಯಾ ಅವರನ್ನು ಅದೇ ಪಾಳಿಯಲ್ಲಿ ಉಳಿಸಬೇಕೆಂದು ಯಾರಿಗೂ ಅನಿಸಿರಲಿಲ್ಲ.

ನಿರ್ಲಕ್ಷ್ಯದ ಬಗ್ಗೆ ವಿಶೇಷವಾಗಿ ಹೇಳಬೇಕಾಗಿದೆ, ಏಕೆಂದರೆ ಅದು ಸುದ್ದಿಯಾಗುವುದಿಲ್ಲ. ಬಾಸುಂಡೆ ಕಣ್ಣಿಗೆ ಕಾಣುತ್ತದೆ, ಮುರಿದ ಮೂಳೆ ಎಕ್ಸ್‌ರೇಯಲ್ಲಿ ಕಾಣುತ್ತದೆ; ಆಗಬೇಕಾಗಿದ್ದು ಆಗದೇ ಹೋದದ್ದು ಯಾವ ಫೋಟೊದಲ್ಲೂ ಕಾಣುವುದಿಲ್ಲ. ಪ್ರಕರಣಗಳನ್ನು ವರ್ಷವರ್ಷ ಲೆಕ್ಕ ಇಡುವ ಅಮೆರಿಕದಲ್ಲಿ ದೃಢಪಟ್ಟ ಪ್ರಕರಣಗಳ ಸುಮಾರು ಮುಕ್ಕಾಲು ಭಾಗದಷ್ಟು ಮಕ್ಕಳು ನಿರ್ಲಕ್ಷ್ಯಕ್ಕೆ ಒಳಗಾದವರೇ. ಕೂಸು ಅತ್ತಾಗ ಯಾರಾದರೂ ಬರುವುದು, ಅದು ನಕ್ಕಾಗ ಎದುರಿನ ಮುಖವೂ ನಗುವುದು, ಅದು ಬೆರಳು ತೋರಿಸಿದ ಕಡೆ ದೊಡ್ಡವರೂ ನೋಡುವುದು, ಇವು ದಿನಕ್ಕೆ ನೂರಾರು ಸಲ ನಡೆಯುತ್ತ ಎಳೆಯ ಮಿದುಳಿನ ಸಂಪರ್ಕಗಳನ್ನು ಕಟ್ಟುತ್ತವೆ. ಇದು ನಿಂತುಹೋದ ಮನೆಯ ಕೂಸು ಕೆಲವು ವಾರಗಳ ನಂತರ ಅಳುವುದನ್ನೇ ಬಿಡುತ್ತದೆ. ‘ಎಷ್ಟು ಒಳ್ಳೇ ಮಗು, ಅಳುವುದೇ ಇಲ್ಲ’ ಎಂದು ನೋಡಿದವರು ಹೊಗಳುತ್ತಾರೆ. ನನಗೆ ಕಿರುಚಾಡುವ ಮಗುವಿಗಿಂತ ಆ ಸುಮ್ಮನಿರುವ ಮಗುವನ್ನು ಕಂಡರೆ ಹೆಚ್ಚು ಭಯವಾಗುತ್ತದೆ.

ಈ ಹಾನಿಯನ್ನು ಸರಿಪಡಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದ ಸುಮಾರಿಗೆ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್ ಮತ್ತು ಚಾರ್ಲ್ಸ್ ಝೀನಾ ಆರಂಭಿಸಿದ ಅಧ್ಯಯನ ಬಹಳ ಸ್ಪಷ್ಟವಾದ ಉತ್ತರ ಕೊಟ್ಟಿದೆ. ಅನಾಥಾಲಯಗಳಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ತರಬೇತಿ ಮತ್ತು ಬೆಂಬಲ ಪಡೆದ ಪೋಷಕ ಕುಟುಂಬಗಳಿಗೆ ಕಳಿಸಿ, ಉಳಿದವರನ್ನು ಆಗಿನ ವ್ಯವಸ್ಥೆಯಲ್ಲೇ ಗಮನಿಸಲಾಯಿತು. ಕುಟುಂಬಕ್ಕೆ ಹೋದ ಮಕ್ಕಳು ಬುದ್ಧಿಯ ಬೆಳವಣಿಗೆಯಲ್ಲೂ ಬಾಂಧವ್ಯ ಬೆಳೆಸಿಕೊಳ್ಳುವುದರಲ್ಲೂ ಮುಂದೆ ಬಂದರು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಹೋದವರು ಹೆಚ್ಚು ಚೇತರಿಸಿಕೊಂಡರು. ಆದರೂ ಆರಂಭದಿಂದಲೇ ತಮ್ಮ ಮನೆಯಲ್ಲಿ ಬೆಳೆದ ಮಕ್ಕಳ ಮಟ್ಟವನ್ನು ಅವರು ಬುದ್ಧಿಮತ್ತೆಯಲ್ಲಿ ಸರಾಸರಿಯಾಗಿ ಮುಟ್ಟಲಿಲ್ಲ. ಗೋಡೆ, ಹಾಸಿಗೆ, ವೇಳೆಗೆ ಸರಿಯಾಗಿ ಊಟ ಇವಿಷ್ಟೇ ಸಾಲವು. ತನ್ನದೇ ಎನ್ನುವ ಒಬ್ಬರು ಬೇಕು, ಅದೂ ಬೇಗ ಬೇಕು. ಕಡತವೊಂದು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ಆರು ತಿಂಗಳು ತೆಗೆದುಕೊಳ್ಳುವುದನ್ನು ಕಂಡಾಗ ನನಗೆ ಈ ಅಧ್ಯಯನವೇ ನೆನಪಾಗುತ್ತದೆ. ದೊಡ್ಡವರ ಆರು ತಿಂಗಳು ಎಂದರೆ ಒಂದು ವರ್ಷದ ಕೂಸಿಗೆ ಅರ್ಧ ಆಯುಷ್ಯ.

ಮಕ್ಕಳ ಮೇಲಿನ ಹಿಂಸೆಯನ್ನು ಪತ್ತೆ ಹಚ್ಚುವುದನ್ನು ಜಗತ್ತು ಕಲಿತದ್ದೇ ತೀರ ಇತ್ತೀಚೆಗೆ. ಅಮೆರಿಕದ ಮಕ್ಕಳ ತಜ್ಞ ಹೆನ್ರಿ ಕೆಂಪ್ ಮತ್ತು ಅವರ ಸಹೋದ್ಯೋಗಿಗಳು 1962ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮಂಚದಿಂದ ಬಿದ್ದಿತು ಎಂದು ಹೇಳಿ ಕರೆತಂದ ಕೂಸುಗಳ ಮೂಳೆಗಳಲ್ಲಿ ಬೇರೆ ಬೇರೆ ಕಾಲದ, ಕೆಲವು ಆಗಲೇ ಕೂಡಿಕೊಳ್ಳುತ್ತಿರುವ ಮುರಿತಗಳು ಏಕೆ ಕಾಣಿಸುತ್ತವೆ ಎಂಬ ಪ್ರಶ್ನೆಯನ್ನು ವೈದ್ಯಲೋಕದ ಮುಂದೆ ನೇರವಾಗಿ ಇಟ್ಟರು. ಅಲ್ಲಿಂದ ಐದಾರು ವರ್ಷಗಳಲ್ಲಿ ಆ ದೇಶದ ಎಲ್ಲ ರಾಜ್ಯಗಳೂ ಅನುಮಾನ ಬಂದರೆ ವರದಿ ಮಾಡಲೇಬೇಕೆಂಬ ಕಾನೂನು ತಂದವು. ನಂತರ 1989ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 19ನೇ ವಿಧಿ ಮಗುವನ್ನು ಹಿಂಸೆ ಮತ್ತು ನಿರ್ಲಕ್ಷ್ಯದಿಂದ ಕಾಪಾಡಬೇಕೆನ್ನುತ್ತದೆ. ಭಾಷಣಗಳಲ್ಲಿ ಕೇಳಿಬರುವುದು ಇದು. ಅದೇ ಒಡಂಬಡಿಕೆಯ 39ನೇ ವಿಧಿಯನ್ನು ಎತ್ತುವವರು ಕಡಿಮೆ. ಹಿಂಸೆಗೆ ಒಳಗಾದ ಮಗುವಿನ ದೇಹ ಮನಸ್ಸುಗಳ ಚೇತರಿಕೆಗೂ ಅದು ಸಮಾಜದಲ್ಲಿ ಮತ್ತೆ ಬೆರೆಯುವುದಕ್ಕೂ ಸರ್ಕಾರಗಳು ಸಕಲ ಕ್ರಮ ಕೈಗೊಳ್ಳಬೇಕು, ಆ ಚೇತರಿಕೆ ಮಗುವಿನ ಆರೋಗ್ಯ, ಆತ್ಮಗೌರವ ಮತ್ತು ಘನತೆಯನ್ನು ಪೋಷಿಸುವ ವಾತಾವರಣದಲ್ಲಿ ಆಗಬೇಕು ಎಂದು ಅದು ಹೇಳುತ್ತದೆ. ನಾನು ಕೇಳುತ್ತಿರುವುದು ಈ 39ನೇ ವಿಧಿಯಷ್ಟನ್ನೇ.

ಮಗು ತನಗಾದದ್ದನ್ನು ಹೇಳಿದ ದಿನದಿಂದಲೇ ಈ ಚೇತರಿಕೆಗೆ ಪೆಟ್ಟು ಬೀಳತೊಡಗುತ್ತದೆ ಎಂಬುದು ಬೇಸರದ ಮಾತು. ಮೊದಲು ಟೀಚರ್ ಕೇಳುತ್ತಾರೆ, ನಂತರ ಮುಖ್ಯ ಶಿಕ್ಷಕರು, ನಂತರ ಪೊಲೀಸರು, ವೈದ್ಯರು, ಸಮಾಜ ಕಾರ್ಯಕರ್ತರು, ವಕೀಲರು. ಪ್ರತಿಯೊಬ್ಬರದೂ ಬೇರೆ ಕೋಣೆ, ಬೇರೆ ಕುರ್ಚಿ, ಅದೇ ಪ್ರಶ್ನೆ. ಒಂದು ಹುಡುಗಿ ನನ್ನ ಎದುರು ಕುಳಿತ ಮೊದಲ ದಿನ ಹೆಸರು ಕೂಡ ಹೇಳದೆ, ಕಂಠಪಾಠ ಒಪ್ಪಿಸುವಂತೆ ಒಂದೇ ಉಸಿರಿಗೆ ನಡೆದದ್ದನ್ನೆಲ್ಲ ಹೇಳಿ, ‘ಅಕ್ಕಾ, ಇನ್ನು ಹೋಗ್ಲಾ?’ ಎಂದಳು. ನಾನು ಏನನ್ನೂ ಕೇಳಿರಲಿಲ್ಲ. ದೊಡ್ಡವರಿರುವ ಕೋಣೆಗೆ ಕರೆದರೆ ಇದನ್ನು ಹೇಳಬೇಕು, ಹೇಳಿ ಮುಗಿಸಿದರೆ ಬಿಡುತ್ತಾರೆ ಎಂದು ಅವಳು ಅರ್ಥ ಮಾಡಿಕೊಂಡಿದ್ದಳು. ಹೇಳಿಕೆ ಹಲವು ಸಲ ಆದಷ್ಟೂ ಪದಗಳು ಅತ್ತಿತ್ತ ಆಗುತ್ತವೆ. ಆಮೇಲೆ ಅದೇ ವ್ಯತ್ಯಾಸವನ್ನು ಹಿಡಿದು ಮಗು ಸುಳ್ಳು ಹೇಳುತ್ತಿದೆ ಎಂದು ವಾದಿಸುವವರಿದ್ದಾರೆ.

ಇದಕ್ಕೆ ಪರಿಹಾರ ಹೊಸದಾಗಿ ಕಂಡುಹಿಡಿಯಬೇಕಾದದ್ದೇನೂ ಅಲ್ಲ. ಅಮೆರಿಕದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ನಲ್ಲಿ 1985ರಲ್ಲಿ, ಪೊಲೀಸರೂ ವೈದ್ಯರೂ ಮಕ್ಕಳ ಸೇವೆಯವರೂ ಮಗುವಿದ್ದಲ್ಲಿಗೇ ಬರುವಂಥ ಕೇಂದ್ರವೊಂದು ಆರಂಭವಾಯಿತು. ಅದೇ ಆಲೋಚನೆಯಿಂದ ಐಸ್‌ಲ್ಯಾಂಡ್ 1998ರಲ್ಲಿ ಬಾರ್ನಾಹುಸ್ ಎಂಬ ವ್ಯವಸ್ಥೆ ತಂದಿತು. ಆ ಪದಕ್ಕೆ ಮಕ್ಕಳ ಮನೆ ಎಂದೇ ಅರ್ಥ. ತರಬೇತಿ ಪಡೆದ ಒಬ್ಬರೇ ಮಗುವಿನೊಂದಿಗೆ ಮಾತನಾಡುತ್ತಾರೆ, ಉಳಿದವರು ಇನ್ನೊಂದು ಕೋಣೆಯಲ್ಲಿ ಕುಳಿತು ನೋಡುತ್ತಾರೆ, ಮಾತು ರೆಕಾರ್ಡ್ ಆಗುತ್ತದೆ, ವೈದ್ಯಕೀಯ ತಪಾಸಣೆಯೂ ಚಿಕಿತ್ಸೆಯೂ ಅದೇ ಸೂರಿನಡಿ ಸಿಗುತ್ತವೆ. ಯೂರೋಪಿನ ಹಲವು ದೇಶಗಳು ಇದನ್ನು ತಮ್ಮದಾಗಿಸಿಕೊಂಡಿವೆ. ಕಟ್ಟಡ ಕಟ್ಟಲು ಕಾಲ ಬೇಕಾಗಬಹುದು; ಯಾರು ಕೇಳಬೇಕು, ಎಷ್ಟು ಸಲ ಕೇಳಬೇಕು ಎಂದು ಕೂತು ತೀರ್ಮಾನಿಸಲು ಒಂದು ಮಧ್ಯಾಹ್ನ ಸಾಕು.

ವೈದ್ಯಕೀಯ ತಪಾಸಣೆಯ ಬಗ್ಗೆಯೂ ತಪ್ಪು ತಿಳಿವಳಿಕೆ ಬೇರೂರಿದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಬಹುಪಾಲು ಮಕ್ಕಳ ದೇಹದಲ್ಲಿ ತಪಾಸಣೆಯ ಹೊತ್ತಿಗೆ ಯಾವ ಗುರುತೂ ಸಿಗುವುದಿಲ್ಲ. ಕೆಲವು ಕೃತ್ಯಗಳು ಗಾಯ ಮಾಡುವುದಿಲ್ಲ, ಆದ ಗಾಯಗಳೂ ಬೇಗ ಮಾಯುತ್ತವೆ. ಹಾಗಾಗಿ ವರದಿಯಲ್ಲಿ ಏನೂ ಇಲ್ಲ ಎಂದು ಬಂದರೆ ಏನೂ ನಡೆದಿಲ್ಲ ಎಂದು ಅರ್ಥ ಮಾಡುವುದು ತಪ್ಪು. ಒಳ್ಳೆಯ ವೈದ್ಯರ ಕೈಯಲ್ಲಿ ಆ ತಪಾಸಣೆಯೇ ಮದ್ದಾಗುವುದನ್ನು ನಾನು ಕಂಡಿದ್ದೇನೆ. ತನ್ನೊಳಗೆ ಏನೋ ಮುರಿದುಹೋಗಿದೆ, ಎಲ್ಲರಿಗೂ ಅದು ಕಾಣುತ್ತದೆ ಎಂದು ತಿಂಗಳುಗಟ್ಟಲೆ ನಂಬಿದ್ದ ಮಗುವಿಗೆ, ಪ್ರತಿ ಹಂತದಲ್ಲೂ ಅನುಮತಿ ಕೇಳಿ ಪರೀಕ್ಷಿಸಿದ ವೈದ್ಯೆಯೊಬ್ಬರು ‘ನಿನ್ನ ಮೈ ಸರಿಯಾಗಿದೆ ಪುಟ್ಟಾ, ಪೂರ್ತಿ ಸರಿಯಾಗಿದೆ’ ಎಂದಾಗ ಅದರ ಭುಜಗಳು ಇಳಿದದ್ದನ್ನು ನಾನು ಮರೆಯಲಾರೆ.

ಇನ್ನು ಚಿಕಿತ್ಸೆ ಎಂದರೇನು ಎಂಬ ಪ್ರಶ್ನೆ. ಕೌನ್ಸೆಲಿಂಗ್ ಎಂಬ ಪದ ಈಗ ಎಲ್ಲರ ಬಾಯಲ್ಲೂ ಇದೆ. ಮಗುವನ್ನು ಒಂದು ಸಲ ಕೂರಿಸಿಕೊಂಡು ನಾಲ್ಕು ಬುದ್ಧಿಮಾತು ಹೇಳಿ ‘ಕೌನ್ಸೆಲಿಂಗ್ ಮಾಡಲಾಗಿದೆ’ ಎಂದು ಫೈಲಿನಲ್ಲಿ ಬರೆಯುವುದನ್ನೂ ನಾನು ಕಂಡಿದ್ದೇನೆ. ಆಘಾತಕ್ಕೆ ಒಳಗಾದ ಮಕ್ಕಳಿಗೆಂದೇ ರೂಪಿಸಿದ, ಚೆನ್ನಾಗಿ ಪರೀಕ್ಷೆಗೆ ಒಳಪಟ್ಟ ವಿಧಾನಗಳಿವೆ. ಜುಡಿತ್ ಕೋಹೆನ್, ಆಂಥನಿ ಮನ್ನಾರಿನೊ ಮತ್ತು ಎಸ್ತರ್ ಡೆಬ್ಲಿಂಜರ್ ರೂಪಿಸಿದ ವಿಧಾನದಲ್ಲಿ ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 16 ಭೇಟಿಗಳಿರುತ್ತವೆ, ಕೆಲವು ಮಕ್ಕಳಿಗೆ ಇನ್ನೂ ಹೆಚ್ಚು ಬೇಕಾಗುತ್ತವೆ. ಮಗು ಮೊದಲು ಉಸಿರಾಟವನ್ನು ಹತೋಟಿಗೆ ತಂದುಕೊಳ್ಳುವುದನ್ನು ಕಲಿಯುತ್ತದೆ, ತನ್ನ ಭಾವನೆಗಳಿಗೆ ಹೆಸರಿಡಲು ಕಲಿಯುತ್ತದೆ, ‘ಇದು ನನ್ನ ತಪ್ಪಿನಿಂದ ಆಯಿತು’ ಎಂಬ ಯೋಚನೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತದೆ. ಆಮೇಲೆ, ತನ್ನ ವೇಗದಲ್ಲಿ, ಚಿತ್ರ ಬರೆದೋ ಪುಟ್ಟ ಪುಸ್ತಕ ಮಾಡಿಯೋ ನಡೆದದ್ದನ್ನು ಸ್ವಲ್ಪಸ್ವಲ್ಪವೇ ಹೇಳುತ್ತದೆ. ಮಗುವನ್ನು ನೋಡಿಕೊಳ್ಳುವ ಸುರಕ್ಷಿತ ಹಿರಿಯರೊಬ್ಬರು ಈ ಪಯಣದ ಉದ್ದಕ್ಕೂ ಜೊತೆಗಿರಬೇಕು. ಅಂಥವರಿಲ್ಲದ ಮಗುವಿಗೆ ಈ ಚಿಕಿತ್ಸೆ ಅರ್ಧಕ್ಕರ್ಧ ಕುಂಟುತ್ತದೆ.

ಹೊಡೆದ ತಂದೆತಾಯಿಯರ ವಿಷಯವನ್ನು ಎತ್ತಿದರೆ ಹಲವರಿಗೆ ಸಿಟ್ಟು ಬರುತ್ತದೆ, ಅದು ನ್ಯಾಯವಾದ ಸಿಟ್ಟೇ. ಆದರೂ ಅನೇಕ ಮಕ್ಕಳು ಕೊನೆಗೆ ಅದೇ ಮನೆಗೆ ಹಿಂದಿರುಗುತ್ತಾರೆ ಎನ್ನುವುದು ವಾಸ್ತವವಾದ್ದರಿಂದ, ಮನೆಯನ್ನು ಬದಲಿಸದೆ ಮಗುವನ್ನು ಕಳಿಸುವುದು ಇನ್ನೊಂದು ದ್ರೋಹವಾಗುತ್ತದೆ. ಅಮೆರಿಕದ ಮನೋವಿಜ್ಞಾನಿ ಶೀಲಾ ಐಬರ್ಗ್ 1970ರ ದಶಕದಲ್ಲಿ ರೂಪಿಸಿದ ಒಂದು ಪದ್ಧತಿಯಲ್ಲಿ, ತಾಯಿ ಅಥವಾ ತಂದೆ ಕಿವಿಯಲ್ಲಿ ಪುಟ್ಟ ಸಾಧನವೊಂದನ್ನು ಇಟ್ಟುಕೊಂಡು ಮಗುವಿನೊಡನೆ ಆಟವಾಡುತ್ತಾರೆ. ಗಾಜಿನ ಆಚೆ ಕುಳಿತ ಚಿಕಿತ್ಸಕರು ಆಗಿಂದಾಗಲೇ ಏನು ಹೇಳಬೇಕು, ಯಾವಾಗ ಸುಮ್ಮನಿರಬೇಕು ಎಂದು ಕಿವಿಯಲ್ಲಿ ಹೇಳಿಕೊಡುತ್ತಾರೆ. ಮಕ್ಕಳನ್ನು ಹೊಡೆದು ವ್ಯವಸ್ಥೆಯ ಗಮನಕ್ಕೆ ಬಂದಿದ್ದ 110 ಪೋಷಕರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಮಾನ್ಯ ಗುಂಪು ತರಗತಿಗೆ ಹೋದವರಲ್ಲಿ 49 ಶೇಕಡದಷ್ಟು ಮಂದಿಯ ಮೇಲೆ ಮತ್ತೆ ಹಿಂಸೆಯ ದೂರು ಬಂದರೆ, ಈ ತರಬೇತಿ ಪಡೆದವರಲ್ಲಿ ಅದು 19 ಶೇಕಡಕ್ಕೆ ಇಳಿದಿತ್ತು. ಇದೇ ಬಗೆಯಲ್ಲಿ ಕೆಲಸ ಮಾಡುವಾಗ, ಮರದ ತುಂಡುಗಳನ್ನು ಜೋಡಿಸುತ್ತಿದ್ದ ಮಗನಿಗೆ ತಂದೆಯೊಬ್ಬರು ‘ಎಷ್ಟು ನಿಧಾನವಾಗಿ ಜೋಡಿಸ್ತಿದ್ದೀಯಲ್ಲೋ’ ಎಂದು ತಡವರಿಸುತ್ತ ಮೆಚ್ಚಿಕೊಂಡರು. ಮಗು ಕೈಯಲ್ಲಿದ್ದ ತುಂಡನ್ನು ಕೆಳಗಿಡದೆ ಅಪ್ಪನ ಮುಖ ನೋಡಿತು. ಇದು ಹೊಗಳಿಕೆಯೋ ಬೈಗುಳದ ಪೀಠಿಕೆಯೋ ಅದಕ್ಕೆ ತಿಳಿಯಲಿಲ್ಲ. ಎರಡನೆಯ ಸಲ ಹೇಳಿದಾಗ ತುಂಡನ್ನು ಇಟ್ಟು ಇನ್ನೊಂದಕ್ಕೆ ಕೈ ಚಾಚಿತು. ಎಲ್ಲ ತಂದೆತಾಯಿಯರೂ ಬದಲಾಗುತ್ತಾರೆ ಎಂದು ನಾನು ಹೇಳುವುದಿಲ್ಲ. ಕೆಲವು ಮನೆಗಳಿಗೆ ಮಗು ಎಂದೂ ಹಿಂದಿರುಗಬಾರದು, ಅದನ್ನು ಸ್ಪಷ್ಟವಾಗಿ, ಬೇಗನೆ ತೀರ್ಮಾನಿಸುವ ಧೈರ್ಯವೂ ವ್ಯವಸ್ಥೆಗೆ ಬೇಕು.

ಅಂಥ ಮನೆಯಿಂದ ಬಂದ ಮಗುವೂ ‘ನಾನು ಮನೆಗೆ ಹೋಗಬೇಕು’ ಎಂದು ಅಳಬಹುದು. ಇದನ್ನು ಕಂಡು ಸಿಬ್ಬಂದಿ ಗಲಿಬಿಲಿಗೊಳ್ಳುತ್ತಾರೆ, ಕೆಲವರು ದೂರನ್ನೇ ಅನುಮಾನಿಸುತ್ತಾರೆ. ಹೊಡೆದ ಕೈಯೇ ತುತ್ತನ್ನೂ ಕೊಟ್ಟಿದ್ದರೆ ಮಗು ಅದನ್ನು ಪ್ರೀತಿಸದೆ ಏನು ಮಾಡೀತು? ‘ನಿಮ್ಮಪ್ಪ ಕೆಟ್ಟವನು’ ಎಂದು ಸಮಾಧಾನ ಮಾಡಲು ಹೊರಟರೆ, ಆ ಕೆಟ್ಟವನ ಮಗು ತಾನು ಎಂಬ ಭಾರವನ್ನು ಅದರ ತಲೆಯ ಮೇಲೆ ಹೇರಿದಂತಾಗುತ್ತದೆ. ಅಪ್ಪ ಮಾಡಿದ್ದು ತಪ್ಪು, ನಿನಗೆ ಅಪ್ಪ ನೆನಪಾಗುವುದು ತಪ್ಪಲ್ಲ ಎಂದು ಎರಡನ್ನೂ ಒಟ್ಟಿಗೆ ಹೇಳಬೇಕಾಗುತ್ತದೆ, ಅದೂ ಹತ್ತಾರು ಸಲ.

ಬಡತನವನ್ನೂ ನಿರ್ಲಕ್ಷ್ಯವನ್ನೂ ಒಂದೇ ಎಂದು ನೋಡುವುದು ಇನ್ನೊಂದು ದೊಡ್ಡ ತಪ್ಪು. ಎರಡು ಪಾಳಿ ದುಡಿದು ಬಂದು ಕುಸಿದು ಮಲಗುವ ತಾಯಿಗೆ ಬೇಕಾದದ್ದು ಹಗಲಿನಲ್ಲಿ ಮಗುವನ್ನು ನೋಡಿಕೊಳ್ಳುವ ಜಾಗ. ಮಗುವನ್ನೇ ಕಸಿದುಕೊಂಡರೆ ಅವಳ ಆಯಾಸಕ್ಕೆ ಶಿಕ್ಷೆ ಕೊಟ್ಟಂತೆ. ಬಡತನ ಒಂದೇ ಕಾರಣಕ್ಕೆ ಮಗುವನ್ನು ಪೋಷಕರಿಂದ ಬೇರ್ಪಡಿಸಬಾರದು ಎಂದು 2009ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಒಪ್ಪಿದ ಮಾರ್ಗಸೂಚಿಗಳೂ ಹೇಳುತ್ತವೆ. ಮೊದಲೇ ಹೋಗಿ ಆಸರೆಯಾದರೆ ಏನಾಗುತ್ತದೆ ಎಂಬುದಕ್ಕೆ, ಡೇವಿಡ್ ಓಲ್ಡ್ಸ್ ಅವರು 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ ಆರಂಭಿಸಿದ ಪ್ರಯೋಗ ಸಾಕ್ಷಿಯಾಗಿದೆ. ಚೊಚ್ಚಲ ಬಸುರಿಯರ ಮನೆಗೆ ನರ್ಸ್ ಒಬ್ಬರು ಬಸಿರಿನಿಂದ ಮಗುವಿಗೆ ಎರಡು ವರ್ಷ ಆಗುವವರೆಗೂ ನಿಯಮಿತವಾಗಿ ಹೋಗಿಬರುತ್ತಿದ್ದರು. 15 ವರ್ಷಗಳ ನಂತರ ನೋಡಿದಾಗಲೂ ಆ ತಾಯಂದಿರ ಮೇಲೆ ಹಿಂಸೆ ಮತ್ತು ನಿರ್ಲಕ್ಷ್ಯದ ದೃಢಪಟ್ಟ ವರದಿಗಳು ಉಳಿದವರಿಗಿಂತ ಕಡಿಮೆ ಇದ್ದವು.

ಮನೆಯಿಂದ ಹೊರತರುವುದು ಅನಿವಾರ್ಯವಾದಾಗಲೂ ಮಗುವನ್ನು ಆದಷ್ಟು ಕಡಿಮೆ ಸಲ ಸ್ಥಳಾಂತರಿಸಬೇಕು, ಒಡಹುಟ್ಟಿದವರನ್ನು ಒಟ್ಟಿಗೆ ಇಡಬೇಕು, ಮೊದಲು ಬಂಧುಗಳಲ್ಲಿ ಸುರಕ್ಷಿತವಾದವರು ಇದ್ದಾರೆಯೇ ಎಂದು ಹುಡುಕಬೇಕು. ಇವೆಲ್ಲ ಎಲ್ಲರೂ ಒಪ್ಪುವ ಮಾತುಗಳು. ಆದರೆ ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಹೋಗಲಿದ್ದ ಒಂಬತ್ತು ವರ್ಷದ ಹುಡುಗಿಯ ಬಟ್ಟೆಬರೆ, ಪುಸ್ತಕ, ಒಂದು ಬೊಂಬೆ ಎಲ್ಲವನ್ನೂ ಕಸದ ಕಪ್ಪು ಚೀಲದಲ್ಲಿ ತುಂಬಿ ಬಾಗಿಲ ಬಳಿ ಇಟ್ಟಿದ್ದನ್ನು ನಾನು ಕಣ್ಣಾರೆ ಕಂಡೆ. ಅವಳು ಆ ಚೀಲವನ್ನು ನೋಡಿದಳು, ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಚೀಲದಲ್ಲಿದ್ದ ಕಸವನ್ನೂ ನೋಡಿದಳು. ಯಾರೂ ಕೆಟ್ಟ ಮನಸ್ಸಿನಿಂದ ಹಾಗೆ ಮಾಡಿರಲಿಲ್ಲ. ಕೈಗೆ ಸಿಕ್ಕಿದ್ದು ಅದು, ವಾಹನ ಕಾಯುತ್ತಿತ್ತು. ಅಂದಿನಿಂದ ನನ್ನ ಕೋಣೆಯಲ್ಲಿ ಒಂದಿಷ್ಟು ಗಟ್ಟಿ ಬ್ಯಾಗುಗಳನ್ನು ಸದಾ ಇಟ್ಟುಕೊಂಡಿರುತ್ತೇನೆ.

ನನ್ನದೂ ಒಂದು ತಪ್ಪಿದೆ. ವರ್ಷಗಳ ಹಿಂದೆ ನಾನು ಕೆಲಸ ಬದಲಿಸಿದಾಗ, ಒಂದು ಮಗುವಿಗೆ ಹೇಳಿದರೆ ಅಳುತ್ತದೆ ಎಂದು ಹೇಳದೆ ಹೊರಟುಬಿಟ್ಟೆ. ಪ್ರತಿ ಗುರುವಾರ ‘ಮುಂದಿನ ವಾರವೂ ನೀವೇ ಬರ್ತೀರಾ?’ ಎಂದು ಕೇಳುತ್ತಿದ್ದ ಮಗು ಅದು. ನಾನು ಬಿಟ್ಟುಹೋದ ಮೇಲೆ ಹೊಸಬರೊಂದಿಗೆ ಅದು ಮೂರು ತಿಂಗಳು ಮಾತನಾಡಲಿಲ್ಲವೆಂದು ಆಮೇಲೆ ತಿಳಿಯಿತು. ಹೇಳದೆ ಬಿಟ್ಟುಹೋಗುವವರನ್ನು ಬದುಕಿನುದ್ದಕ್ಕೂ ಕಂಡಿದ್ದ ಮಗುವಿಗೆ ನಾನೂ ಅವರ ಸಾಲಿಗೆ ಸೇರಿದೆ. ಇದನ್ನು ಒಬ್ಬಳ ತಪ್ಪೊಪ್ಪಿಗೆಯಾಗಿ ಮಾತ್ರ ಬರೆಯುತ್ತಿಲ್ಲ. ಈ ಕ್ಷೇತ್ರದಲ್ಲಿ ದುಡಿಯುವವರು ಅಲ್ಪಾವಧಿಯ ಗುತ್ತಿಗೆಯಲ್ಲಿ, ಕಡಿಮೆ ಸಂಬಳಕ್ಕೆ, ತಲೆಗೆ ಮೀರಿದಷ್ಟು ಮಕ್ಕಳ ಹೊಣೆ ಹೊತ್ತು, ದಿನವಿಡೀ ಕೇಳಿದ ಸಂಕಟವನ್ನು ಇಳಿಸಿಕೊಳ್ಳಲು ಯಾರೂ ಇಲ್ಲದೆ ಒಂದೆರಡು ವರ್ಷದಲ್ಲಿ ಬಿಟ್ಟುಹೋಗುತ್ತಾರೆ. ಒಬ್ಬ ಕಾರ್ಯಕರ್ತೆ ಹೋದಾಗ ಇಲಾಖೆಗೆ ಒಂದು ಹುದ್ದೆ ಖಾಲಿಯಾಗುತ್ತದೆ. ಮಗುವಿಗೆ ಮತ್ತೊಂದು ಮುಖ ಮರೆಯಾಗುತ್ತದೆ. ಈ ಕೆಲಸಗಾರರ ನೌಕರಿ ಭದ್ರತೆ, ಅವರಿಗೆ ವಾರಕ್ಕೊಮ್ಮೆ ಅನುಭವಿಗಳ ಮಾರ್ಗದರ್ಶನ, ಒಬ್ಬರಿಗೆ ಇಷ್ಟೇ ಮಕ್ಕಳು ಎಂಬ ಮಿತಿ, ಇವನ್ನು ಚಿಕಿತ್ಸೆಯ ಖರ್ಚೆಂದೇ ಆಯವ್ಯಯದಲ್ಲಿ ಬರೆಯಬೇಕು.

ಓದುಗರಿಗೂ ಎರಡು ಮಾತು. ಒಂದು ಮಗು ನಿಮ್ಮ ಬಳಿ ಬಂದು ಇಂಥದ್ದನ್ನು ಹೇಳಿದರೆ ಮುಖದಲ್ಲಿ ಗಾಬರಿ ತೋರಿಸದೆ ಕೇಳಿಸಿಕೊಳ್ಳಿ. ‘ಹೇಳಿದ್ದು ಒಳ್ಳೇದಾಯ್ತು, ಇದರಲ್ಲಿ ನಿನ್ನ ತಪ್ಪಿಲ್ಲ’ ಎನ್ನಿ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ, ಏಕೆಂದರೆ ಹೇಳಬೇಕಾಗುತ್ತದೆ. ವಿವರಗಳನ್ನು ಕೆದಕಬೇಡಿ, ಹಿಂಸಿಸಿದವರನ್ನು ನೀವೇ ಕರೆದು ವಿಚಾರಿಸಲು ಹೋಗಬೇಡಿ; ಮಗು ಆಡಿದ ಮಾತನ್ನು ಅದು ಆಡಿದಂತೆಯೇ ಬರೆದಿಟ್ಟುಕೊಂಡು ಅದೇ ದಿನ ಮಕ್ಕಳ ರಕ್ಷಣಾ ಸೇವೆಗೆ ತಿಳಿಸಿ. ನೂರಕ್ಕೆ ನೂರು ಖಚಿತವಾಗುವವರೆಗೆ ಕಾಯುವುದು ನಿಮ್ಮ ಹೊಣೆಯಲ್ಲ, ತನಿಖೆ ಮಾಡಲು ಬೇರೆಯವರಿದ್ದಾರೆ. ಮತ್ತೊಂದು ಮಾತು, ಬಾಲ್ಯದ ಆಘಾತದಿಂದ ಬದುಕೇ ಹಾಳಾಗುತ್ತದೆ ಎಂದು ಮಗುವಿನ ಎದುರು ಮರುಗಬೇಡಿ. ವಿನ್ಸೆಂಟ್ ಫೆಲಿಟಿ ಮತ್ತು ರಾಬರ್ಟ್ ಆಂಡಾ 1998ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನ ಬಾಲ್ಯದ ಕಷ್ಟಗಳಿಗೂ ದೊಡ್ಡವರಾದ ಮೇಲಿನ ಕಾಯಿಲೆಗಳಿಗೂ ಇರುವ ನಂಟನ್ನು ತೋರಿಸಿತು, ನಿಜ. ಅದು ಸಾವಿರಾರು ಜನರ ಸರಾಸರಿ ಲೆಕ್ಕ. ನಿಮ್ಮ ಎದುರಿಗಿರುವ ಮಗುವಿನ ಭವಿಷ್ಯವಾಣಿ ಅದರಲ್ಲಿಲ್ಲ. ಸುರಕ್ಷಿತ ಜಾಗ, ನಂಬಬಹುದಾದ ಒಬ್ಬರು, ಬೇಕಾದಾಗ ಸರಿಯಾದ ಚಿಕಿತ್ಸೆ ಸಿಕ್ಕಿದ ಎಷ್ಟೋ ಮಕ್ಕಳು ಚೆನ್ನಾಗಿ ಬದುಕುತ್ತಿದ್ದಾರೆ, ನಿಮ್ಮ ನಡುವೆಯೇ ಇದ್ದಾರೆ.

ಸಂಪಾದಕರೇ, ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮಗುವಿನ ಹೆಸರನ್ನು ಮುದ್ರಿಸದಿದ್ದರೂ ಶಾಲೆ, ಬೀದಿ, ತಾಯಿಯ ಉದ್ಯೋಗ ಬರೆದರೆ ಸುತ್ತಲಿನವರಿಗೆ ಎಲ್ಲವೂ ತಿಳಿಯುತ್ತದೆ. ದಯವಿಟ್ಟು ಅವನ್ನೂ ಬಿಡಿ. ಮತ್ತು ಇಂದು ರಕ್ಷಣೆಯ ಸುದ್ದಿ ಬರೆದ ವರದಿಗಾರರನ್ನು ಒಂದು ವರ್ಷದ ನಂತರ ಮಗುವಿನ ಬಳಿಗಲ್ಲ, ಅದರ ಹೊಣೆ ಹೊತ್ತ ಅಧಿಕಾರಿಗಳ ಬಳಿಗೆ ಕಳಿಸಿ. ಚಿಕಿತ್ಸೆ ಎಷ್ಟನೇ ದಿನ ಆರಂಭವಾಯಿತು, ಎಷ್ಟು ಭೇಟಿಗಳಾದವು, ಮಗು ಎಷ್ಟು ಸಲ ಜಾಗ ಬದಲಿಸಿತು, ತಮ್ಮನೋ ತಂಗಿಯೋ ಜೊತೆಯಲ್ಲಿದ್ದಾರೆಯೇ, ಶಾಲೆಗೆ ಹೋಗುತ್ತಿದೆಯೇ, ಮೊದಲ ದಿನ ಅದರ ಕೈ ಹಿಡಿದವರು ಇನ್ನೂ ಅಲ್ಲೇ ಕೆಲಸದಲ್ಲಿದ್ದಾರೆಯೇ ಎಂದು ಅವರು ಕೇಳಲಿ, ಸಿಕ್ಕ ಉತ್ತರವನ್ನು, ಉತ್ತರ ಸಿಗದಿದ್ದರೆ ಆ ಸಂಗತಿಯನ್ನೇ, ರಕ್ಷಣೆಯ ಸುದ್ದಿ ಬಂದ ಪುಟದಲ್ಲೇ ಮುದ್ರಿಸಿ.

ಇಂತಿ ತಮ್ಮ ವಿಶ್ವಾಸಿ,
ಮಕ್ಕಳ ಆಪ್ತಸಮಾಲೋಚಕಿ